ಕಾರ್ಕಳ ಕಡೆಯ ಹಳೇ ಕೊಪೆಲ್: ಸ್ಲ್ಯಾಬ್ ಹಾಕುವ ಮೊದಲು ಏನೆಲ್ಲ ನೋಡಬೇಕು?

ಕೊಪೆಲ್_ಸಮಿತಿ

ಕಾರ್ಕಳ ತಾಲೂಕಿನ ಒಂದು ಹಳ್ಳಿಯ ಕೊಪೆಲ್ (ಕ್ಯಾಥೊಲಿಕರ ಸಣ್ಣ ಪ್ರಾರ್ಥನಾಲಯ) ಬಗ್ಗೆ ತಿಳಿದವರ ಸಲಹೆ ಬೇಕು. ಒಳಗಿನ ಅಳತೆ ಸುಮಾರು 6 ಮೀಟರ್ ಅಗಲ, 12 ಮೀಟರ್ ಉದ್ದ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಗೋಡೆ, ದಪ್ಪ ಒಂದೂವರೆ ಅಡಿ. ಮಾಡಿಗೆ (ಚಾವಣಿಗೆ) ಮರದ ಪಕ್ಕಾಸು (ಇಳಿಜಾರು ತೊಲೆ), ರೀಪು (ಹಂಚು ಕೂರುವ ಪಟ್ಟಿ), ಮಂಗಳೂರು ಹಂಚು. ಹಿಂದೆ ಯಾವಾಗಲೋ ಗೋಡೆಯ ಒಳಗೂ ಹೊರಗೂ ನೆಲದಿಂದ ನಾಲ್ಕು ಅಡಿವರೆಗೆ ಸಿಮೆಂಟ್ ಗಾರೆ ಹಾಕಿದ್ದಾರೆ. ಅದರ ಮೇಲಿನದು ಹಳೇ ಸುಣ್ಣದ ಗಾರೆ. ನೆಲಕ್ಕೆ ಇತ್ತೀಚೆಗೆ ವಿಟ್ರಿಫೈಡ್ ಟೈಲ್ಸ್ ಹಾಸಿದ್ದಾರೆ, ಹೊರಗೆ ಸುತ್ತಲೂ ಕಾಂಕ್ರೀಟ್ ಅಂಗಳವಿದೆ.

ಈಗಿನ ತೊಂದರೆ ಇಷ್ಟು: ಸಿಮೆಂಟ್ ಗಾರೆ ಮುಗಿಯುವಲ್ಲಿಂದ ಮೇಲಕ್ಕೆ ಒಂದು ಅಡಿ ಗೋಡೆ ಒದ್ದೆಯಾಗಿ ಬಣ್ಣ ಉದುರುತ್ತಿದೆ. ಬಲಿಪೀಠದ ಹಿಂದಿನ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಉದ್ದ ಬಿರುಕು ಬಿಟ್ಟಿದೆ. ಮಾಡು ಎರಡು ಕಡೆ ಸೋರುತ್ತದೆ. ಹಂಚು ತೆಗೆದು ಆರ್‌ಸಿಸಿ ಸ್ಲ್ಯಾಬ್ ಹಾಕೋಣ ಎಂದು ಸಮಿತಿಯ ಕೆಲವರು, ಪೂರ್ತಿ ಕೆಡವಿ ಹೊಸದು ಕಟ್ಟೋಣ ಎಂದು ಇನ್ನು ಕೆಲವರು. 400 ವರ್ಷ ಹಳೆಯದು, ಮುಟ್ಟಿದರೆ ಸರ್ಕಾರ ಕೇಸು ಹಾಕುತ್ತದೆ ಎಂಬ ಮಾತೂ ಊರಲ್ಲಿದೆ. ಫೆಬ್ರವರಿಯಲ್ಲಿ ವಾರ್ಷಿಕ ಹಬ್ಬ.

ಮುರಕಲ್ಲು

ಸ್ಲ್ಯಾಬ್ ಮಾತು ಮೊದಲು ಮುಗಿಸೋಣ. ಗೋಡೆಯ ದಪ್ಪ, ಸೂರಿನ ಚಾಚು ಎಲ್ಲ ಸೇರಿಸಿದರೆ ನಿಮ್ಮ ಮಾಡಿನ ಇಳಿಜಾರು ಮೈ ಸುಮಾರು 130 ಚದರ ಮೀಟರ್ ಆಗುತ್ತದೆ. ಚದರ ಮೀಟರಿಗೆ 15 ಹಂಚಿನಂತೆ 2,000 ಹಂಚು, ಒಂದಕ್ಕೆ ಎರಡೂವರೆ ಕಿಲೊ ಹಿಡಿದರೆ 5 ಟನ್. ಮರಕ್ಕೆ ಇನ್ನು 3 ಟನ್ ಸೇರಿಸಿ. ಇಳಿಜಾರು ಇಲ್ಲದ ಕಾರಣ ಮೈ ಸ್ವಲ್ಪ ಕಡಿಮೆಯಾದರೂ, ಅಷ್ಟೇ ಜಾಗಕ್ಕೆ ಬರೇ 10 ಸೆಂಟಿಮೀಟರ್ ದಪ್ಪದ ಚಪ್ಪಟೆ ಸ್ಲ್ಯಾಬ್ ಹಾಕಿದರೂ ಸುಮಾರು 27 ಟನ್. ಸುಣ್ಣ ಅಥವಾ ಮಣ್ಣಿನಲ್ಲಿ ಕಟ್ಟಿದ, ಬುಡ ಒದ್ದೆಯಾಗಿರುವ ಮುರಕಲ್ಲಿನ ಗೋಡೆಯ ಮೇಲೆ ಈಗಿನ ಮೂರು ಪಟ್ಟಿಗೂ ಹೆಚ್ಚು ಭಾರ ಕೂರುತ್ತದೆ. ಒದ್ದೆ ಮುರಕಲ್ಲು ಒಣಗಿದ ಕಲ್ಲಿನಷ್ಟು ಭಾರ ತಾಳುವುದಿಲ್ಲ ಎಂಬುದನ್ನು ಮರೆಯಬೇಡಿ.

ಭಾರ ಒಂದೇ ಅಲ್ಲ. ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಕೆಳಗಿನ ಗೋಡೆ ಅದರ ಜೊತೆ ಸರಿಯುವುದಿಲ್ಲ. ಹಾಗಾಗಿ ಗೋಡೆಯ ತಲೆಯಲ್ಲಿ ಅಡ್ಡ ಬಿರುಕು ಬಂದು ಅಲ್ಲಿಂದ ನೀರಿಳಿಯುತ್ತದೆ. ಕರಾವಳಿಯ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟ್ ಕಳಚತೊಡಗಿದರೆ ಹಂಚಿನ ಹಾಗೆ ಒಂದೊಂದನ್ನೇ ಬದಲಿಸಲು ಬರುವುದಿಲ್ಲ.

ಒದ್ದೆಗೆ ಕಾರಣ ನಿಮ್ಮ ವಿವರಣೆಯಲ್ಲೇ ಇದೆ. ನೆಲದ ತೇವ ಮೊದಲು ಮಣ್ಣು ಅಥವಾ ಸುಣ್ಣದ ನೆಲದ ಮೂಲಕ ಆವಿಯಾಗಿ ಹೋಗುತ್ತಿತ್ತು. ವಿಟ್ರಿಫೈಡ್ ಟೈಲ್ಸ್ ಆ ದಾರಿ ಮುಚ್ಚಿತು, ಹೊರಗಿನ ಕಾಂಕ್ರೀಟ್ ಅಂಗಳ ಇನ್ನೊಂದು ದಾರಿ ಮುಚ್ಚಿತು. ಉಳಿದದ್ದು ಗೋಡೆ. ಗೋಡೆಯ ಎರಡೂ ಮೈಗೆ ಸಿಮೆಂಟ್ ಇರುವುದರಿಂದ ತೇವ ನಾಲ್ಕು ಅಡಿ ಏರಿ, ಸುಣ್ಣದ ಗಾರೆ ಸಿಕ್ಕಿದ ಕೂಡಲೇ ಅಲ್ಲಿ ಹೊರಬರುತ್ತಿದೆ. ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಗಾರೆಯನ್ನು ಒಳಗಿಂದ ಒಡೆಯುತ್ತದೆ. ಸಿಮೆಂಟನ್ನು ಇನ್ನೂ ಎರಡು ಅಡಿ ಎತ್ತರಿಸಿದರೆ ಒದ್ದೆಯೂ ಎರಡು ಅಡಿ ಮೇಲೆ ಹೋಗುತ್ತದೆ, ಅಷ್ಟೇ.

ದಫ್ತರ

400 ವರ್ಷದ ಮಾತು. 1784ರಲ್ಲಿ ಟಿಪ್ಪು ಕೆನರಾದ (ಈ ಕರಾವಳಿಯ) ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಈ ಭಾಗದ ಹೆಚ್ಚಿನ ಇಗರ್ಜಿಗಳು (ಚರ್ಚುಗಳು) ನೆಲಸಮವಾದವು. 1799ರ ನಂತರ ಮರಳಿದವರು ಮತ್ತೆ ಕಟ್ಟಿದರು. ಆದ್ದರಿಂದ ಜಾಗ ಹಳೆಯದಿರಬಹುದು, ಶಿಲುಬೆ ಹಳೆಯದಿರಬಹುದು, ಈಗ ನಿಂತಿರುವ ಗೋಡೆ 19ನೇ ಶತಮಾನದ್ದಾಗಿರುವ ಸಾಧ್ಯತೆಯೇ ಹೆಚ್ಚು. ಅದರಿಂದ ಕಟ್ಟಡದ ಬೆಲೆ ಒಂದು ಚೂರೂ ಕಡಿಮೆಯಾಗುವುದಿಲ್ಲ. ಫಲಕದಲ್ಲಿ ತಪ್ಪು ವರ್ಷ ಕೆತ್ತಿಸುವ ಮೊದಲು ಸ್ವಲ್ಪ ಹುಡುಕಿ ಎಂದಷ್ಟೇ ಕೋರಿಕೆ.

ಹುಡುಕಲು ಮೊದಲ ಜಾಗ ನಿಮ್ಮ ತಲೆಯ ಮೇಲೇ ಇದೆ. ಹಂಚು ಇಳಿಸಿದಾಗ ಹಿಂಬದಿಯ ಮುದ್ರೆ ನೋಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅದಕ್ಕಿಂತ ಹಿಂದೆ ಈ ಮಾದರಿಯ ಹಂಚು ಇಲ್ಲಿ ಇರಲಿಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಹಾಗಾಗಿ ಆ ಹೆಸರಿನ ಹಂಚು ಇನ್ನೂ ಈಚಿನದು. ಆದರೆ ಹಂಚು ಮಾಡಿನ ವಯಸ್ಸು ಹೇಳುತ್ತದೆ, ಗೋಡೆಯದ್ದಲ್ಲ. ಮುಳಿಹುಲ್ಲಿನ ಮಾಡು ತೆಗೆದು ಹಂಚು ಹೊದೆಸಿದ್ದೂ ಇರಬಹುದು. ತ್ರಿಕೋನ ಗೋಡೆಯ ಒಳಮೈಯಲ್ಲಿ ಈಗಿನ ಮಾಡಿಗಿಂತ ಕಡಿದಾದ ಇನ್ನೊಂದು ಇಳಿಜಾರಿನ ಗುರುತು ಕಂಡರೆ ಅದು ಹಳೇ ಹುಲ್ಲುಮಾಡಿನದ್ದಾಗಿರಬಹುದು.

ಎರಡನೆಯದು ಕಾಗದ. ಕೊಪೆಲ್‌ಗೆ ಸ್ವಂತ ಜ್ಞಾನಸ್ನಾನದ ಪುಸ್ತಕ ಇರುವುದು ಕಡಿಮೆ, ಮಾತೃ ಇಗರ್ಜಿಯಲ್ಲಿ ಕೇಳಿ. 1878ರ ಡಿಸೆಂಬರ್ 31ಕ್ಕೆ ಜೆಸ್ವಿಟರು ಮಂಗಳೂರಿಗೆ ಬಂದರು, ಅದಕ್ಕೆ ಮೊದಲು ಇದ್ದವರು ಕಾರ್ಮೆಲೈಟರು, ಎರಡೂ ಕ್ಯಾಥೊಲಿಕ್ ಸನ್ಯಾಸಿ ಸಂಘಗಳು. ಕೆಲವು ಇಗರ್ಜಿಗಳು ಬಹುಕಾಲ ಗೋವಾದ ಪದ್ರುವಾದೊ (ಪೋರ್ತುಗೀಸ್ ಆಶ್ರಯದ ಚರ್ಚ್ ಆಡಳಿತ) ಅಧಿಕಾರದಲ್ಲೇ ಉಳಿದವು, ಅವುಗಳ ಹಳೇ ಪತ್ರಗಳು ಗೋವಾದಲ್ಲಿ ಸಿಗಬಹುದು. ನೀವು ಕಾರ್ಕಳದವರು, ಅಂದರೆ ಈಗ ಉಡುಪಿ ಧರ್ಮಪ್ರಾಂತ್ಯ (ಬಿಷಪರ ಆಡಳಿತ ವ್ಯಾಪ್ತಿ). ಅದು ಸ್ಥಾಪನೆಯಾದದ್ದು 2012ರಲ್ಲಿ. ಆದ್ದರಿಂದ ಅನುಮತಿ ಕೇಳಬೇಕಾದ್ದು ಉಡುಪಿಯಲ್ಲಿ, ಹಳೇ ಕಡತ ಹುಡುಕಬೇಕಾದ್ದು ಮಂಗಳೂರಿನಲ್ಲಿ.

ಹಳೇ ಪುಸ್ತಕ ಪೋರ್ತುಗೀಸ್ ಅಥವಾ ಲ್ಯಾಟಿನ್‌ನಲ್ಲಿರುತ್ತದೆ. ತಿಂಗಳು ಓದುವಾಗ ಎಚ್ಚರ: 7 ಎಂದು ಬರೆದು ಪಕ್ಕದಲ್ಲಿ 'ಬ್ರಿಸ್' ಎಂದು ಸೇರಿಸಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಇದ್ದರೆ ಅಕ್ಟೋಬರ್. ಇನ್ನು ಜಾಗದ ಕಾಗದ: ಪಹಣಿಯಲ್ಲಿ ನಿಲ್ಲಬೇಡಿ, ಮದ್ರಾಸ್ ಪ್ರೆಸಿಡೆನ್ಸಿ ಕಾಲದ ಅಡಂಗಲ್ (ಗ್ರಾಮದ ಜಮೀನು ಪುಸ್ತಕ), ವರ್ಗದ (ಹಿಡುವಳಿಯ) ದಾಖಲೆ, ಮೂಲಗೇಣಿ (ಶಾಶ್ವತ ಗೇಣಿ) ಚೀಟಿ ಇವನ್ನೂ ಕೇಳಿ. ಕೊಪೆಲ್‌ಗೆ ಜಾಗ ಬಿಟ್ಟುಕೊಟ್ಟ ಮನೆತನ, ಅದು ಜೈನರದ್ದಾಗಲಿ ಬಂಟರದ್ದಾಗಲಿ, ಹಲವು ಸಲ ಇಂಥ ಚೀಟಿಯಲ್ಲೇ ಗೊತ್ತಾಗುತ್ತದೆ. ಊರಿನ ಚರಿತ್ರೆಗೆ ಅದು ಅಡಿಪಾಯದ ಕಲ್ಲಿನಷ್ಟೇ ಮುಖ್ಯ.

ಕಡತ_ಕಾನೂನು

ಕೇಸಿನ ಭಯಕ್ಕೆ ಉತ್ತರ. 100 ವರ್ಷ ತುಂಬಿದ ಮಾತ್ರಕ್ಕೆ ಯಾವ ಕಟ್ಟಡವೂ ತಾನಾಗಿ ಸಂರಕ್ಷಿತ ಸ್ಮಾರಕ ಆಗುವುದಿಲ್ಲ. ಕೇಂದ್ರದ 1958ರ ಕಾಯ್ದೆಯಾಗಲಿ ರಾಜ್ಯದ 1961ರ ಕಾಯ್ದೆಯಾಗಲಿ, ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ ಅನ್ವಯ. ಸುತ್ತಲಿನ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂಬುದು ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಸಂಬಂಧಿಸಿದ್ದು. ನಿಮ್ಮ ಕೊಪೆಲ್ ಪಟ್ಟಿಯಲ್ಲಿ ಇಲ್ಲದೆ, ಅಂಥ ಸ್ಮಾರಕದ ಈ ಸುತ್ತಳತೆಯೊಳಗೂ ಇಲ್ಲದಿದ್ದರೆ ಈ ಹೆದರಿಕೆ ಬೇಡ. ಆದರೆ ಇದರ ಇನ್ನೊಂದು ಮುಖವೂ ಇದೆ. ಸಮಿತಿ ನಾಳೆ ಜೆಸಿಬಿ ತಂದರೆ ಈ ಸ್ಮಾರಕ ಕಾಯ್ದೆಗಳು ತಡೆಯುವುದಿಲ್ಲ. ಹಳ್ಳಿಯ ಕೊಪೆಲ್‌ಗಳು ಒಂದೊಂದಾಗಿ ಮಾಯವಾಗುತ್ತಿರುವುದು ಹೀಗೆಯೇ.

ಒಳಗಿನ ಪ್ರತಿಮೆ ಚಿತ್ರಗಳಿಗಾದರೂ ತಡೆ ಇದೆ, ಅದು ಚರ್ಚಿನ ಸ್ವಂತ ಕಾನೂನಿನಲ್ಲಿ. 1983ರ ಕ್ಯಾನನ್ ಸಂಹಿತೆಯ 1189ನೇ ವಿಧಿ ಓದಿ: ಹಳಮೆ, ಕಲೆ ಅಥವಾ ಭಕ್ತಿಯ ಕಾರಣದಿಂದ ಅಮೂಲ್ಯವಾದ ಪ್ರತಿಮೆ ಚಿತ್ರಗಳನ್ನು ಬಿಷಪರ ಕಡೆಯ ಲಿಖಿತ ಅನುಮತಿ ಇಲ್ಲದೆ ದುರಸ್ತಿ ಮಾಡುವಂತಿಲ್ಲ, ಅನುಮತಿ ಕೊಡುವ ಮೊದಲು ಅವರು ತಜ್ಞರನ್ನು ಕೇಳಬೇಕು. 1283ನೇ ವಿಧಿ ಸ್ವತ್ತಿನ ಪಟ್ಟಿ ಮಾಡಲು ಹೇಳುತ್ತದೆ. ಹಳೇ ಪ್ರತಿಮೆಗೆ ಎನಾಮೆಲ್ ಬಳಿಸುವ ಮಾತು ಸಮಿತಿಯಲ್ಲಿ ಬಂದರೆ 1189 ತೋರಿಸಿ.

ಪಟ್ಟಿಯನ್ನು ಈಗಲೇ ಮಾಡಿ. ಪ್ರತಿಮೆ, ಗಂಟೆ, ಪಾತ್ರೆ, ಮೇಣದಬತ್ತಿ ಕಂಬ, ಹಳೇ ಪೀಠೋಪಕರಣ ಪ್ರತಿಯೊಂದಕ್ಕೂ ಒಂದು ನಂಬರ್, ಅಳತೆ, ಯಾವುದರಿಂದ ಮಾಡಿದ್ದು, ನಾಲ್ಕು ಕಡೆಯ ಫೋಟೊ, ಜೊತೆಗೆ ಒಡಕು, ಗೀರು, ಮುದ್ರೆಯಂಥ ಗುರುತುಗಳ ಹತ್ತಿರದ ಫೋಟೊ. ಕದ್ದ ವಸ್ತು ಸಿಕ್ಕಾಗ ನಮ್ಮದೇ ಎಂದು ಸಾಬೀತು ಮಾಡಲು ನೆರವಾಗುವುದು ಆ ಗೀರುಗಳು. ಒಂದು ಪ್ರತಿ ಮಾತೃ ಇಗರ್ಜಿಯಲ್ಲಿ, ಇನ್ನೊಂದು ಬಿಷಪ್ ನಿವಾಸದಲ್ಲಿ ಇರಲಿ. 100 ವರ್ಷ ಮೀರಿದ ಶಿಲ್ಪ, ಚಿತ್ರಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ. ಯಾವುದಕ್ಕೆ ನೋಂದಣಿ ಬೇಕು ಎಂದು ನೋಂದಣಿ ಅಧಿಕಾರಿಯನ್ನೇ ಕೇಳಿ. ಖಾಸಗಿಯವರು ಅವನ್ನು ವಿದೇಶಕ್ಕೆ ಕಳಿಸುವುದು ಅಪರಾಧ.

ಕೊಪೆಲ್_ಸಮಿತಿ

ಎಲ್ಲರಿಗೂ ಧನ್ಯವಾದ. ಲೆಕ್ಕವನ್ನು ಸಮಿತಿಯ ಮುಂದಿಡುತ್ತೇವೆ. ಸಿಮೆಂಟ್ ತೆಗೆಯುವುದಾದರೆ ಹೇಗೆ, ಯಾವಾಗ, ಸಾಮಾನು ಎಷ್ಟು ಬೇಕು? ಬಿರುಕಿಗೆ ಏನು ಮಾಡುವುದು?

ಸುಣ್ಣದ_ಗಾರೆ

ಸಿಮೆಂಟ್ ಕೀಳುವುದಕ್ಕಿಂತ ಮೊದಲು ನೀರು. ಗೋಡೆಗೆ ತಾಗಿದ ಕಾಂಕ್ರೀಟನ್ನು ಸುತ್ತಲೂ ಎರಡು ಅಡಿ ಅಗಲಕ್ಕೆ ಕತ್ತರಿಸಿ ತೆಗೆಯಿರಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ತಗ್ಗಿರಲಿ, ಗೋಡೆಯಿಂದ ಆಚೆಗೆ ಇಳಿಜಾರಿರಲಿ. ಸೂರಿನ ನೀರು ಬೀಳುವ ಗೆರೆಯಲ್ಲೇ ಆಳ ಕಡಿಮೆಯ ಚರಂಡಿ ಮಾಡಿ ಜಲ್ಲಿ ತುಂಬಿ, ತಗ್ಗಿನ ಕಡೆಗೆ ಹರಿಯಬಿಡಿ. ಅಡಿಪಾಯದ ಕಲ್ಲು ಕಾಣುವಷ್ಟು ಅಗೆಯಬೇಡಿ, ಹಳೇ ಗೋಡೆಗೆ ಅಡಿಪಾಯ ಹೆಚ್ಚು ಆಳ ಇರುವುದಿಲ್ಲ. ವರ್ಷಕ್ಕೆ 4,000 ಮಿಲಿಮೀಟರಿನ ಹತ್ತಿರ ಮಳೆ ಸುರಿಯುವ ಊರಿನಲ್ಲಿ ಇಷ್ಟು ಮಾಡಿದರೇ ಅರ್ಧ ತೊಂದರೆ ಇಳಿಯುತ್ತದೆ.

ಸಿಮೆಂಟ್ ತೆಗೆಯುವುದು ಮಳೆ ಪೂರ್ತಿ ನಿಂತ ಮೇಲೆ, ನವೆಂಬರ್ ಹೊತ್ತಿಗೆ. ಚಾಣ, ಸಣ್ಣ ಸುತ್ತಿಗೆ ಸಾಕು. ಬ್ರೇಕರ್ ಮೆಷಿನ್ ಗೋಡೆಯ ಹತ್ತಿರ ತರಲೇಬೇಡಿ, ಅದರ ನಡುಕಕ್ಕೆ ಹಳೇ ಸಂದುಗಳ ಸುಣ್ಣ ಉದುರುತ್ತದೆ. ಮೊದಲು ಬೆರಳ ಗಂಟಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಸುಲಭವಾಗಿ ಬಿಡುತ್ತದೆ. ಗಟ್ಟಿ ಹಿಡಿದ ಕಡೆ ಸಿಮೆಂಟಿನ ಜೊತೆ ಮುರಕಲ್ಲಿನ ಮೈಯೂ ಕಿತ್ತು ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಒಂದೆರಡು ಮಳೆಗಾಲದಲ್ಲಿ ಅದು ತಾನಾಗಿ ಸಡಿಲಾಗುತ್ತದೆ, ಆಗ ತೆಗೆಯಬಹುದು. ಪೂರ್ತಿ ತೆಗೆಯಲೇಬೇಕೆಂಬ ಹಟದಿಂದ ಹಾಳಾದ ಗೋಡೆಗಳು ಬಹಳ.

ತೆಗೆದ ಮೇಲೆ ಗೋಡೆ ಬರಿಮೈಯಲ್ಲಿ ಒಣಗಬೇಕು. ಮೇಲೆ ಬಿಳಿ ಉಪ್ಪು ಬಂದರೆ ಒಣ ಬ್ರಷ್‌ನಿಂದ ಗುಡಿಸಿ ಹೊರಗೆ ಸಾಗಿಸಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಕಲ್ಲಿನೊಳಗೇ ಇಳಿಯುತ್ತದೆ.

ಸಾಮಾನು: ಬಾಗಿಲು ಕಿಟಕಿ ಬಿಟ್ಟು ಒಳಹೊರಗೆ ಸೇರಿ ಸುಮಾರು 80 ಚದರ ಮೀಟರ್. ಎರಡು ಸೆಂಟಿಮೀಟರ್ ದಪ್ಪಕ್ಕೆ 1.6 ಘನ ಮೀಟರ್ ಗಾರೆ. ಮುರಕಲ್ಲಿನ ಮೈ ಏರುತಗ್ಗು ಇರುವುದರಿಂದ 2 ಎಂದೇ ಇಟ್ಟುಕೊಳ್ಳಿ. ಒಂದು ಪಾಲು ಅರಳಿಸಿದ ಸುಣ್ಣದ ಮುದ್ದೆಗೆ ಮೂರು ಪಾಲು ಮರಳು. ಸುಟ್ಟ ಸುಣ್ಣ 300 ಕಿಲೊ ಸಾಕಾಗುತ್ತದೆ. ಹೊಳೆಯ ಮರಳು ಅಥವಾ ತೊಳೆದ ಎಂ-ಸ್ಯಾಂಡ್ ಆಗಬಹುದು, ಕಡಲ ಮರಳು ಖಂಡಿತ ಬೇಡ. ಮರುವಾಯಿ ಚಿಪ್ಪು ಸುಟ್ಟ ಸುಣ್ಣ ಸಿಕ್ಕರೆ ಒಳ್ಳೆಯದು, ಹಳೇ ಗಾರೆಯನ್ನು ಪುಡಿಮಾಡಿ ನೋಡಿದರೆ ಚಿಪ್ಪಿನ ಚೂರು ಕಾಣಬಹುದು.

ಸುಣ್ಣ ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗವಸು ಕಡ್ಡಾಯ. ಪ್ಲಾಸ್ಟಿಕ್ ಡ್ರಮ್ ಬಿಸಿಗೆ ಕರಗುತ್ತದೆ, ಕಬ್ಬಿಣದ ಡ್ರಮ್ ಅಥವಾ ಗುಂಡಿ ಬಳಸಿ. ಅರಳಿದ್ದನ್ನು ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಬಿಡಿ. ಸರಿಯಾಗಿ ಅರಳದ ಕಾಳು ಗಾರೆಯಲ್ಲಿ ಉಳಿದರೆ ಆಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತದೆ. ಸುಣ್ಣದ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಈ ಅವಸರದ ಫಲ.

ಗೋಡೆ ನೆನೆಸಿ, ಒಂದು ಸಲಕ್ಕೆ ಒಂದು ಸೆಂಟಿಮೀಟರಿಗಿಂತ ದಪ್ಪ ಬಳಿಯದೆ ಎರಡು ಪದರ ಹಾಕಿ. ಮೊದಲ ಪದರ ಗಟ್ಟಿಯಾಗುವವರೆಗೆ ಎರಡನೆಯದು ಬೇಡ. ಒದ್ದೆ ಗೋಣಿ ಇಳಿಬಿಟ್ಟು ವಾರವಿಡೀ ತೇವ ಕಾಯಿರಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಯೇ ಸುಣ್ಣ ಕಲ್ಲಾಗುವುದು, ಅದಕ್ಕೆ ಸಮಯ ಬೇಕು. ಮಾರ್ಚ್ ಒಳಗೆ ಗಾರೆ ಮುಗಿಸಿದರೆ ಜೂನ್ ಮಳೆಗೆ ತಯಾರಾಗಿರುತ್ತದೆ. ಮೇ ತಿಂಗಳಲ್ಲಿ ಬಳಿದ ಗಾರೆ ಮೊದಲ ಜಡಿಮಳೆಗೆ ತೊಳೆದುಹೋದರೆ ಆಶ್ಚರ್ಯವಿಲ್ಲ.

ಪಕ್ಕಾಸು

ಬೆಲ್ಲ, ಅಳಲೆಕಾಯಿ ನೀರು ಸೇರಿಸಬೇಕೆ ಎಂಬ ಪ್ರಶ್ನೆ ಸಮಿತಿಯಲ್ಲಿ ಬಂದೇ ಬರುತ್ತದೆ, ಅದಕ್ಕೂ ಉತ್ತರ ಹೇಳಿಬಿಡಿ ಸರ್.

ಸುಣ್ಣದ_ಗಾರೆ

ದಕ್ಷಿಣ ಭಾರತದಲ್ಲಿ ಅದರ ಬಳಕೆ ಹಳೆಯದು, ಅಲ್ಲಗಳೆಯುವುದಿಲ್ಲ. ಆದರೆ ಅಳತೆ ಬಲ್ಲ ಮೇಸ್ತ್ರಿ ಇಲ್ಲದೆ ಅಂದಾಜಿಗೆ ಬೆಲ್ಲ ಸುರಿದರೆ ಗಾರೆ ಗಟ್ಟಿಯಾಗುವುದು ನಿಧಾನವಾಗುತ್ತದೆ, ನಮ್ಮ ತೇವದ ಹವೆಗೆ ಬೂಸ್ಟು ಬರುತ್ತದೆ. ಬುಡದ ಒದ್ದೆ ಭಾಗಕ್ಕೆ ಬೆಲ್ಲಕ್ಕಿಂತ ಸುರ್ಕಿ ನಂಬಿ. ಸುರ್ಕಿ ಎಂದರೆ ಕಡಿಮೆ ಸುಟ್ಟ ಇಟ್ಟಿಗೆಯ ನುಣ್ಣನೆ ಪುಡಿ. ಸುಣ್ಣ ಒಂದು ಪಾಲು, ಸುರ್ಕಿ ಒಂದು, ಮರಳು ಎರಡು. ಇದು ತೇವದಲ್ಲೂ ಗಟ್ಟಿಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಮಾದರಿ ಬಳಿದು ನೋಡಿ, ಬಿರುಕು ಬಿಟ್ಟರೆ ಮರಳು ಹೆಚ್ಚಿಸಿ.

ಪಕ್ಕಾಸು

ಮಾಡು ಮತ್ತು ಬಿರುಕು ಒಟ್ಟಿಗೆ ನೋಡಬೇಕು. ಹಿಂದಿನ ಗೋಡೆಯ ಬಿರುಕು ಮೇಲೆ ಅಗಲ, ಕೆಳಗೆ ಕೂದಲೆಳೆ ಆಗಿದ್ದರೆ ಎರಡು ಅನುಮಾನ: ಒಂದೋ ಮೂಲೆಗಳ ಅಡಿಪಾಯ ಕುಸಿದಿದೆ, ಇಲ್ಲವೇ ಅಡ್ಡತೊಲೆಯ ತುದಿ ಕುಂಬಾಗಿ (ಕೊಳೆತು) ಪಕ್ಕಾಸುಗಳು ಪಕ್ಕದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಿವೆ. ಮಾಡಿನ ನೀರು ಸುರಿಯುವ ಮೂಲೆ ಮೊದಲು ನೋಡಿ. ನಂತರ ತೊಲೆ ಗೋಡೆಯೊಳಗೆ ಹೊಕ್ಕ ಜಾಗಕ್ಕೆ ಚೂಪು ಸ್ಕ್ರೂಡ್ರೈವರ್ ಚುಚ್ಚಿ. ಎರಡು ಸೆಂಟಿಮೀಟರ್ ಸಲೀಸಾಗಿ ಇಳಿದರೆ ಆ ತುದಿ ಹೋಗಿದೆ. ತೂಗುಗುಂಡು ಬಿಟ್ಟು ಪಕ್ಕದ ಗೋಡೆ ಎಷ್ಟು ಹೊರವಾಲಿದೆ ಎಂದು ಮೂರು ಕಡೆ ಬರೆದಿಡಿ.

ಬಿರುಕಿನ ಎರಡು ಬದಿಗೆ ಸಣ್ಣ ಮೊಳೆ ಕೂರಿಸಿ, ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಕ್ಯಾಲಿಪರಿನಲ್ಲಿ ಅಳೆದು ದಿನಾಂಕ ಹಾಕಿ. ಒಂದು ಬೇಸಿಗೆ, ಒಂದು ಮಳೆಗಾಲ ದಾಟಲಿ. ಬದಲಾಗದಿದ್ದರೆ ಹಳೇ ಬಿರುಕು, ಸುಣ್ಣದ ಗಾರೆ ತುಂಬಿದರೆ ಸಾಕು. ಬೆಳೆಯುತ್ತಲೇ ಇದ್ದರೆ ಹಳೇ ಕಟ್ಟಡ ಬಲ್ಲ ಎಂಜಿನಿಯರ್ ಬರಬೇಕು. ಯಾವ ಕಾರಣಕ್ಕೂ ಈಗಲೇ ಸಿಮೆಂಟ್ ಮೆತ್ತಬೇಡಿ, ಬೆಳೆಯುತ್ತಿದೆಯೋ ಇಲ್ಲವೋ ತಿಳಿಯದಂತಾಗುತ್ತದೆ.

ತೊಲೆಯ ತುದಿ ಮಾತ್ರ ಕುಂಬಾಗಿದ್ದರೆ ಇಡೀ ತೊಲೆ ಬದಲಿಸಬೇಕಿಲ್ಲ. ಕೊಳೆತದ್ದನ್ನು ಕತ್ತರಿಸಿ, ಅದೇ ಜಾತಿಯ ಒಣ ಮರವನ್ನು ಓರೆ ಜೋಡಣೆಯಲ್ಲಿ ಕೂಡಿಸಿ ಬೋಲ್ಟ್ ಬಿಗಿಯಬಹುದು. ಹಳೇ ಮಾಡುಗಳಲ್ಲಿ ಬೋಗಿ, ಹಲಸು, ತೇಗ ಕಾಣುತ್ತವೆ. ಹೊಸ ತುದಿಯ ಸುತ್ತ ಗೋಡೆಯಲ್ಲಿ ಬೆರಳಗಲ ಜಾಗ ಬಿಟ್ಟು ಗಾಳಿ ಆಡಲು ಬಿಡಿ, ಗಾರೆಯಿಂದ ಮುಚ್ಚಿದರೆ ಅದೇ ಕಥೆ ಮರುಕಳಿಸುತ್ತದೆ. ಒಳಗಿನ ಮರಕ್ಕೆ ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣ ಬಳಿಯಬಹುದು. ಮಳೆ ತಾಗುವ ಕಡೆ ಅದು ತೊಳೆದುಹೋಗುತ್ತದೆ.

ಸೋರುವುದಕ್ಕೆ ಹೆಚ್ಚಾಗಿ ಹಂಚು ಕಾರಣವಲ್ಲ. ರೀಪು ಬಾಗಿ ಹಂಚು ಒಂದರ ಮೇಲೊಂದು ಕೂರದಿರುವುದು, ನೆತ್ತಿಯ ಹಂಚಿನ ಸಿಮೆಂಟ್ ಬಿರುಕು ಬಿಟ್ಟಿರುವುದು, ಎಲೆ ಕಸ ಕಟ್ಟಿ ನೀರು ಹಿಂದಕ್ಕೆ ಹೊಕ್ಕುವುದು, ಈ ಮೂರನ್ನು ನೋಡಿ. ಹಂಚು ಇಳಿಸುವಾಗ ಎರಡೂ ಬದಿಯಿಂದ ಸಮನಾಗಿ ಇಳಿಸಿ. ಒಂದೇ ಬದಿ ಖಾಲಿ ಮಾಡಿದರೆ ಮಾಡು ವಾಲುತ್ತದೆ. ಹೊಸ ಹಂಚು ತರುವ ಮೊದಲು ಹಳೆಯದೊಂದನ್ನು ಅಂಗಡಿಗೆ ಒಯ್ದು ಹೊಂದಿಸಿ ನೋಡಿ, ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ಬೇರೆ. ಕೆಡವಿದ ಹಳೇ ಮನೆಗಳ ಹಂಚು ಸಿಕ್ಕರೆ 200 ಹೆಚ್ಚು ಸಂಗ್ರಹಿಸಿಡಿ.

ಅಂಗಳ

ಇಷ್ಟೆಲ್ಲ ಯಾಕೆ, ಹಂಚಿನ ಮೇಲೆ ಶೀಟಿನ ಮಾಡು ಹಾಕಿದರೆ ಮುಗಿಯಿತಲ್ಲ? ಈಗ ಎಲ್ಲ ಕಡೆ ಹಾಗೇ ಮಾಡುತ್ತಾರೆ.

ಮುರಕಲ್ಲು

ತಾತ್ಕಾಲಿಕವಾಗಿ ಒಪ್ಪಬಹುದು, ಷರತ್ತಿನ ಮೇಲೆ. ಶೀಟಿನ ಕಂಬಗಳು ಸ್ವಂತ ಅಡಿಪಾಯದ ಮೇಲೆ, ಕೊಪೆಲ್ ಗೋಡೆಯಿಂದ ದೂರ ನಿಲ್ಲಬೇಕು. ಹಳೇ ಗೋಡೆಗೆ ಬೋಲ್ಟ್ ಹೊಡೆದರೆ ಗಾಳಿ ಶೀಟನ್ನು ಎತ್ತುವಾಗ ಗೋಡೆಯನ್ನೂ ಎಳೆಯುತ್ತದೆ. ಇಡೀ ಮಾಡಿನ ನೀರನ್ನು ನಾಲ್ಕು ಮೂಲೆಗೆ ತಂದು ಬುಡದಲ್ಲೇ ಸುರಿದರೆ ಅಡಿಪಾಯ ಕೊರೆಯುತ್ತದೆ. ಮುಖ್ಯ ತೊಂದರೆ ಬೇರೆ: ಶೀಟು ಬಂದ ಮೇಲೆ ಕೆಳಗಿನ ಹಂಚು, ಮರವನ್ನು ಯಾರೂ ತಿರುಗಿ ನೋಡುವುದಿಲ್ಲ, ಗೆದ್ದಲು ನೋಡುತ್ತದೆ.

ಮಾಡು ಹೋದರೆ ಗೋಡೆಯ ಗತಿ ಏನು ಎಂದು ತಿಳಿಯಲು ಹಾಸನದ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಇದೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಇಟ್ಟಿಗೆ ಸುಣ್ಣದಲ್ಲಿ ಕಟ್ಟಿದ ಕಟ್ಟಡ, ಹೇಮಾವತಿ ಹಿನ್ನೀರಿಗೆ ಊರೇ ಖಾಲಿಯಾಯಿತು. ಅಲ್ಲಿ ಗೋಡೆ ಬುಡದಲ್ಲಿ ಹಿನ್ನೀರು, ತಲೆಯಲ್ಲಿ ಮಳೆ ಎರಡನ್ನೂ ಕುಡಿಯುತ್ತ ಭಾಗ ಭಾಗವಾಗಿ ಕುಸಿಯುತ್ತಿದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ದೊಡ್ಡದು, ನಗರದ್ದು. ಆದರೂ ಅಲ್ಲಿ ಇಟಲಿಯ ಚಿತ್ರಕಾರ ಮೊಸ್ಕೇನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್ ಸಂರಕ್ಷಿಸಿತು. ಇಂಟ್ಯಾಕ್‌ಗೆ ಮಂಗಳೂರು ಅಧ್ಯಾಯವೂ ಇದೆ. ಬಲಿಪೀಠದ ಮರದ ಕೆತ್ತನೆಗೆ ಕೈ ಹಾಕುವ ಮೊದಲು ಅವರನ್ನು ಕೇಳಿ. ಚಿನ್ನದ ರೇಕು ಇದ್ದ ಕಡೆ ಒದ್ದೆ ಬಟ್ಟೆಯೂ ತಾಗಬಾರದು.

ಕೊಪೆಲ್_ಸಮಿತಿ

ಸ್ಲ್ಯಾಬ್ ಕೈಬಿಟ್ಟು ಮಾಡು ದುರಸ್ತಿಗೆ ಸಮಿತಿಯ ಹೆಚ್ಚಿನವರು ಒಪ್ಪಿದ್ದಾರೆ. ಉಳಿದದ್ದು ಒಂದು ಪ್ರಶ್ನೆ. ನವೆಂಬರಿನಲ್ಲಿ ಸಿಮೆಂಟ್ ತೆಗೆದರೆ ಫೆಬ್ರವರಿ ಹಬ್ಬಕ್ಕೆ ಗೋಡೆ ಬರಿ ಕಲ್ಲಾಗಿರುತ್ತದೆ. ವಿಗಾರ್ (ಇಗರ್ಜಿಯ ಪಾದ್ರಿ) ಒಪ್ಪಿದರೂ ಗುರ್ಕಾರರು (ವಾಡೆಯ ಮುಖಂಡರು) ಬೇಸರಪಡುತ್ತಾರೆ.

ಸುಣ್ಣದ_ಗಾರೆ

ಬರಿ ಮುರಕಲ್ಲಿಗೇ ನೇರ ಸುಣ್ಣ ಬಳಿಯಿರಿ. ಅರಳಿಸಿದ ಸುಣ್ಣವನ್ನು ನೀರಿನಲ್ಲಿ ಹಾಲಿನಷ್ಟು ತೆಳ್ಳಗೆ ಕಲಸಿ, ಗೋಡೆ ತುಸು ನೆನೆಸಿ, ದಿನಕ್ಕೊಂದರಂತೆ ನಾಲ್ಕು ಕೈ. ಬಳಿಯುವಾಗ ನೀರಿನಂತೆ ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ದಪ್ಪಗೆ ಒಂದೇ ಕೈ ಬಳಿದರೆ ಕೈಗೆ ಅಂಟುವ ಪುಡಿಯಾಗುತ್ತದೆ. ಉಪ್ಪು ಸೇರಿಸುವ ರೂಢಿ ಕೆಲವೆಡೆ ಇದೆ, ನಿಮ್ಮ ಗೋಡೆಯಲ್ಲಿ ಈಗಾಗಲೇ ಬೇಕಾದಷ್ಟು ಉಪ್ಪಿದೆ, ಬೇಡ. ಫೆವಿಕಾಲ್ ಸುರಿದರೆ ಪೇಂಟಿನಂತೆ ಉಸಿರು ಕಟ್ಟುತ್ತದೆ. ಈ ಸುಣ್ಣದ ಪದರದ ಮೂಲಕ ಗೋಡೆ ಒಣಗುತ್ತಲೇ ಇರುತ್ತದೆ. ಹಬ್ಬ ಮುಗಿದ ಮರುದಿನ ಸಡಿಲು ಭಾಗ ಉಜ್ಜಿ ಗಾರೆ ಕೆಲಸ ಶುರುಮಾಡಿದರೆ ಮಾರ್ಚ್ ಕೊನೆಗೆ ಮುಗಿಯುತ್ತದೆ. ಆದರೆ ಸುಣ್ಣ ಅರಳಿಸಿಡುವ ಕೆಲಸ ನವೆಂಬರಿನಲ್ಲೇ ಆಗಬೇಕು.

ಪಕ್ಕಾಸು

ಹಬ್ಬದ ಲೈಟಿಂಗ್‌ನವರಿಗೆ ಮೊದಲೇ ಹೇಳಿಡಿ: ಹಳೇ ಸುಣ್ಣದ ಗಾರೆಗೆ, ಬಲಿಪೀಠದ ಮರಕ್ಕೆ ಮೊಳೆ ಹೊಡೆಯುವಂತಿಲ್ಲ. ಸರಿಗೆ ಕಟ್ಟಲು ಹೊರಗೆ ಎರಡು ಬಿದಿರು ನೆಡಲಿ. ಮಾಡಿನ ಅಡಿಯಲ್ಲಿ ಹಾದುಹೋಗುವ ಹಳೇ ವಯರನ್ನು ಅದಕ್ಕೆ ಮೊದಲೇ ಬದಲಿಸಿ, ಪೈಪಿನೊಳಗೆ ಹಾಕಿಸಿ, ಮೇನ್ ಸ್ವಿಚ್ಚಿನ ಹತ್ತಿರ ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಆರ್‌ಸಿಸಿಬಿ ಕೂರಿಸಿ. ಮುಂಭಾಗದ ಶಿಲುಬೆ ಊರಿನಲ್ಲೇ ಎತ್ತರದ ಜಾಗದಲ್ಲಿದ್ದರೆ ಮೇ ತಿಂಗಳ ಗುಡುಗಿಗೆ ಮೊದಲು ಮಿಂಚುಬಂಧಕವೂ ಬೇಕು. ಅದರ ತಂತಿ ಮರದ ಮಾಡಿಗೆ ತಾಗದಂತೆ ಹೊರಗೋಡೆಯಲ್ಲಿ ನೇರ ಇಳಿದು ಭೂಮಿ ಸೇರಲಿ.